ಅದೇ ಕಿಟ್, ಅವೇ ಕೈಕಾಲು: ಜಾಝ್ ಮತ್ತು ಸ್ಟುಡಿಯೋ ಡ್ರಮ್ಮರ್ ಆಗಿ ನನ್ನ ಅನುಭವ

ಡ್ರಮ್ಸ್ ಬಾರಿಸಿ ಜೀವನ ನಡೆಯುತ್ತಾ ಅಂತ ಹುಡುಗರು ಕೇಳುತ್ತಾರೆ. ಅವರ ಅಪ್ಪ ಅಮ್ಮಂದಿರು ಇನ್ನೂ ಜಾಸ್ತಿ ಕೇಳುತ್ತಾರೆ. ನಡೆಯುತ್ತದೆ. ನನ್ನ ಮನೆ ಅದರಿಂದಲೇ ನಡೆದಿದೆ, ಮಕ್ಕಳ ಓದು ಅದರಿಂದಲೇ ಆಗಿದೆ. ಆದರೆ ಒಂದೇ ಥರದ ಕೆಲಸದಿಂದ ಆಗಿಲ್ಲ. ಹಗಲು ಸ್ಟುಡಿಯೋದಲ್ಲಿ ಬೇರೆಯವರ ಹಾಡಿಗೆ ಬಾರಿಸುವುದು, ರಾತ್ರಿ ಹೋಟೆಲಿನಲ್ಲೋ ಕ್ಲಬ್ಬಿನಲ್ಲೋ ಜಾಝ್ ಬಾರಿಸುವುದು. ದುಡ್ಡು ಬಂದದ್ದು ಬಹುಪಾಲು ಮೊದಲನೆಯದರಿಂದ. ಆ ಮೊದಲನೆಯ ಕೆಲಸ ಮತ್ತೆ ಮತ್ತೆ ನನ್ನ ಹತ್ತಿರ ಬಂದದ್ದು ಎರಡನೆಯದರಿಂದ. ಹೇಗೆ ಅನ್ನೋದನ್ನೇ ಇಲ್ಲಿ ಹೇಳಬೇಕು ಅಂತಿದ್ದೇನೆ.

ಎರಡಕ್ಕೂ ಒಂದೇ ಕಿಟ್ (ಡ್ರಮ್ಸ್ ಸೆಟ್), ಅವೇ ಎರಡು ಕೈ, ಎರಡು ಕಾಲು. ಬದಲಾಗುವುದು ಯಾವುದು ಜೋರು, ಯಾವುದು ಮೆಲ್ಲಗೆ ಅನ್ನೋದು. ಜಾಝ್‌ನಲ್ಲಿ ಬಲಗೈಯ ರೈಡ್ ಸಿಂಬಲ್, ಅಂದರೆ ಲೋಹದ ದೊಡ್ಡ ತಟ್ಟೆ, ಎಲ್ಲಕ್ಕಿಂತ ಮೇಲೆ ಕೇಳಬೇಕು. ಅದರ ಕೆಳಗೆ ಎಡಗಾಲಿನ ಹೈಹ್ಯಾಟ್, ಪೆಡಲ್ ಒತ್ತಿದರೆ ಮುಚ್ಚಿಕೊಳ್ಳುವ ಜೋಡಿ ತಟ್ಟೆ. ಕೆಳಗೆ ತಂತಿ ಬಿಗಿದ ಚಿಕ್ಕ ಡ್ರಮ್, ಸ್ನೇರ್, ನಡುನಡುವೆ ಮಾತಾಡುತ್ತದೆ. ಬಲಗಾಲಿನ ದೊಡ್ಡ ಡ್ರಮ್, ಕಿಕ್, ಕೇಳಿಯೂ ಕೇಳದ ಹಾಗಿರಬೇಕು. ಸಿನಿಮಾ ಹಾಡಿನಲ್ಲಿ ಇದು ಪೂರ್ತಿ ತಲೆಕೆಳಗು. ಅಲ್ಲಿ ಕಿಕ್, ಸ್ನೇರ್ ಮುಂದೆ, ಹೈಹ್ಯಾಟ್ ಹಿಂದೆ, ಸಿಂಬಲ್‌ಗಳು ಎಲ್ಲಕ್ಕಿಂತ ಮೆಲ್ಲಗೆ. ಒಂದೇ ದಿನದಲ್ಲಿ ಎರಡನ್ನೂ ಮಾಡಬಲ್ಲವನು ತನ್ನ ನಾಲ್ಕು ಅಂಗಗಳನ್ನೂ ಬೇರೆ ಬೇರೆಯಾಗಿ ಏರಿಸಿ ಇಳಿಸಬಲ್ಲ. ನನ್ನ ಮಟ್ಟಿಗೆ ಈ ವೃತ್ತಿಯ ಗುಟ್ಟು ಇಷ್ಟೇ. ವೇಗ ಆಮೇಲಿನ ಮಾತು.

ನಾನು ಹಾಸನದ ಕಡೆಯವನು. ಎಂಬತ್ತರ ದಶಕದಲ್ಲಿ ನಮ್ಮ ಕಡೆ ಡ್ರಮ್ಸ್ ಅಂದರೆ ರಸಮಂಜರಿ ಆರ್ಕೆಸ್ಟ್ರಾ. ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ಊರೂರಿಗೆ ಹೋಗುತ್ತಿದ್ದೆವು. ಒಂದು ಕಿಟ್, ತಬಲಾ, ಢೋಲಕ್, ಕಾಂಗೋ, ಕೀಬೋರ್ಡ್, ಗಿಟಾರ್, ಆಮೇಲಾಮೇಲೆ ಎಲೆಕ್ಟ್ರಾನಿಕ್ ಪ್ಯಾಡ್. ಹಾಡುಗಳನ್ನೆಲ್ಲ ಕ್ಯಾಸೆಟ್ ಕೇಳಿ ಎತ್ತಿಕೊಳ್ಳುತ್ತಿದ್ದೆವು. ನೋಟೇಶನ್ ಅಂತ ಏನೂ ಇಲ್ಲ. ಎಲ್ಲಿ ಬಿಜಿಎಂ ಬರುತ್ತದೆ, ಎಷ್ಟು ಆವರ್ತ, ಎಲ್ಲಿ ರೋಲ್ ಹಾಕಿ ಪಲ್ಲವಿಗೆ ವಾಪಸ್ ಬರಬೇಕು, ಎಲ್ಲ ತಲೆಯಲ್ಲೇ. ಒಂದು ಮೆಲೊಡಿ ಮುಗಿದ ತಕ್ಷಣ ಡಿಸ್ಕೋ, ಅದರ ಹಿಂದೆಯೇ ತಮಟೆ ಏಟಿನ ಹಾಡು. ಮುಂದೆ ಕೂತ ಜನ ಎದ್ದು ಕುಣಿಯುತ್ತಾರೋ ಇಲ್ಲವೋ ಅನ್ನೋದು ಕಿಕ್ ಮೇಲೆ ನಿಂತಿರುತ್ತಿತ್ತು. ಆ ಶಾಲೆಗೆ ಸಮನಾದದ್ದು ಇಲ್ಲ ಅಂತ ಇವತ್ತಿಗೂ ನಂಬಿದ್ದೇನೆ. ಹಾಡಿನ ನಕ್ಷೆ ತಲೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಅಲ್ಲಿಂದ ಬಂತು. ಅದು ಮುಂದೆ ಜಾಝ್‌ಗೂ ಬೇಕಾಯಿತು, ಸ್ಟುಡಿಯೋಗೂ ಬೇಕಾಯಿತು.

ತೊಂಬತ್ತರ ಶುರುವಿನಲ್ಲಿ ಬೆಂಗಳೂರಿಗೆ ಬಂದೆ. ಕಂಟೋನ್ಮೆಂಟ್ ಕಡೆ ಒಬ್ಬರು ಹಿರಿಯ ಆಂಗ್ಲೋ ಇಂಡಿಯನ್ ಡ್ರಮ್ಮರ್ ಇದ್ದರು. ಹಳೆಯ ಡ್ಯಾನ್ಸ್ ಬ್ಯಾಂಡ್‌ಗಳ ಕಾಲದವರು. ನಾನು ಅವರನ್ನು ಅಂಕಲ್ ಅಂತಲೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ. ಮೊದಲ ದಿನ ನಾನು ಬಾರಿಸಿದ್ದನ್ನು ಪೂರ್ತಿ ಕೇಳಿದರು. ಆಮೇಲೆ ಕಿಟ್‌ನಿಂದ ಒಂದು ರೈಡ್ ಸಿಂಬಲ್ ಬಿಟ್ಟು ಉಳಿದದ್ದನ್ನೆಲ್ಲ ಪಕ್ಕಕ್ಕೆ ಸರಿಸಿದರು. ಕೈಗೆ ಒಂದೇ ಒಂದು ಸ್ಟಿಕ್ ಕೊಟ್ಟರು.

"ಇದೊಂದರಲ್ಲೇ ಜನ ಕಾಲು ತಟ್ಟಬೇಕು ಮ್ಯಾನ್. ಆಮೇಲೆ ಉಳಿದದ್ದು ತಗೋ."

"ಎಷ್ಟು ದಿನ ಅಂಕಲ್?"

"ನಾನು ಸಾಕು ಅನ್ನೋವರೆಗೂ."

ತಿಂಗಳುಗಟ್ಟಲೆ ಅದೊಂದೇ ಆಯಿತು. ಟಿಂ, ಟಿಂ-ಟ, ಟಿಂ, ಟಿಂ-ಟ. ಕಾಗದದ ಮೇಲೆ ಇದಕ್ಕಿಂತ ಸುಲಭದ ಪಾಠ ಇಲ್ಲ. ನಾಲ್ಕು ಎಣಿಕೆ, ಎರಡನೆಯದೂ ನಾಲ್ಕನೆಯದೂ ಆದಮೇಲೆ ಒಂದೊಂದು ಸಣ್ಣ ಏಟು. ಆ ಸಣ್ಣ ಏಟು ಎಲ್ಲಿ ಬೀಳುತ್ತದೆ ಅನ್ನೋದರಲ್ಲೇ ಸ್ವಿಂಗ್, ಅಂದರೆ ಜಾಝ್ ಲಯದ ತೂಗಾಟ, ಇರುವುದು. ನಮ್ಮ ಕಡೆಯವರು ತಕ್ಷಣ ಇದು ತಿಶ್ರ ತಾನೇ ಅನ್ನುತ್ತಾರೆ. ಒಂದು ಎಣಿಕೆಯನ್ನು ಮೂರು ಭಾಗ ಮಾಡಿ ಮೊದಲನೆಯದು, ಮೂರನೆಯದು ಬಾರಿಸಿದರೆ ಆಯಿತಲ್ಲ ಅಂತ. ನಡುವಣ ವೇಗದಲ್ಲಿ ಅದು ಹೆಚ್ಚು ಕಡಿಮೆ ನಿಜ. ಆದರೆ ವೇಗ ಬದಲಾದರೆ ಲೆಕ್ಕ ಜಾರುತ್ತದೆ. ನಿಧಾನದ ಹಾಡಿನಲ್ಲಿ ಸಣ್ಣ ಏಟು ಇನ್ನೂ ತಡವಾಗಿ ಬಿದ್ದು ಮುಂದಿನ ಎಣಿಕೆಗೆ ಅಂಟಿಕೊಳ್ಳುತ್ತದೆ. ನಿಮಿಷಕ್ಕೆ 280, 300 ಎಣಿಕೆಯ ಹಾಡಿನಲ್ಲಿ ಎರಡೂ ಹತ್ತಿರ ಹತ್ತಿರ ಸಮ ಆಗಿಬಿಡುತ್ತವೆ. ತಿಶ್ರದಲ್ಲೇ ಹಟ ಹಿಡಿದು ಕೂತರೆ ವೇಗದ ಹಾಡು ಕುಂಟುತ್ತದೆ. ಇದನ್ನು ಲೆಕ್ಕದಲ್ಲಿ ಹೇಳಿಕೊಡಬಹುದು, ಆದರೆ ಕೈಗೆ ಬರುವುದು ಕೇಳಿ ಕೇಳಿಯೇ. ಅಂಕಲ್ ಹತ್ತಿರ ಲಾಂಗ್ ಪ್ಲೇ ರೆಕಾರ್ಡ್‌ಗಳಿದ್ದವು. ಜಿಮ್ಮಿ ಕಾಬ್, ಫಿಲ್ಲಿ ಜೋ ಜೋನ್ಸ್, ಆರ್ಟ್ ಬ್ಲೇಕಿ, ಎಲ್ಲ ಅಮೆರಿಕದ ಜಾಝ್ ಡ್ರಮ್ಮರ್ಗಳು. ಒಬ್ಬೊಬ್ಬರ ಟಿಂ-ಟ ಒಂದೊಂದು ಥರ. ಅದೇ ಪಾಠ, ಆದರೆ ಕಣ್ಣು ಮುಚ್ಚಿ ಕೇಳಿದರೂ ಯಾರದ್ದು ಅಂತ ಹೇಳಬಹುದು.

ತಾಳ ಹಿಡಿಯುವ ಕೆಲಸ ರೈಡ್‌ಗೆ ಬಂದದ್ದು 1940ರ ದಶಕದ ಶುರುವಿನ ಕಥೆ. ಅದಕ್ಕೂ ಮೊದಲು ಕಿಕ್ ನಾಲ್ಕು ಎಣಿಕೆಯನ್ನೂ ಗಟ್ಟಿಯಾಗಿ ಬಾರಿಸುತ್ತಿತ್ತು. ಕೌಂಟ್ ಬೇಸಿ ಬ್ಯಾಂಡಿನ ಜೋ ಜೋನ್ಸ್ (ಫಿಲ್ಲಿ ಜೋ ಬೇರೆಯವರು) ಅದನ್ನು ಹೈಹ್ಯಾಟ್‌ಗೆ ತಂದರು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಮಿಂಟನ್ಸ್ ಅನ್ನೋ ಕ್ಲಬ್ಬಿನಲ್ಲಿ ಬಾರಿಸುತ್ತಿದ್ದ ಕೆನ್ನಿ ಕ್ಲಾರ್ಕ್ ಅದನ್ನು ರೈಡ್‌ಗೆ ಏರಿಸಿದರು. ಕಾಲು, ಎಡಗೈ ಎರಡೂ ಬಿಡುವಾದವು. ಬಿಡುವಾದ ಕೈಕಾಲುಗಳಿಂದಲೇ ಡ್ರಮ್ಮರ್ ಸ್ಯಾಕ್ಸೋಫೋನಿನವನ ಜೊತೆ ಮಾತುಕತೆಗೆ ಇಳಿದದ್ದು. ಕಿಕ್ ಪೂರ್ತಿ ಬಿಟ್ಟುಹೋಗಲಿಲ್ಲ. ಪೆಡಲ್ ಮೇಲೆ ಕಾಲು ಸುಮ್ನೆ ಇಟ್ಟ ಹಾಗೆ ನಾಲ್ಕು ಎಣಿಕೆಯನ್ನೂ ತೀರಾ ಮೆಲ್ಲಗೆ ಬಾರಿಸುವ ಪದ್ಧತಿ ಇದೆ. ಕೇಳುವವರಿಗೆ ಅದು ಗೊತ್ತೇ ಆಗುವುದಿಲ್ಲ. ಪಕ್ಕದಲ್ಲಿ ಡಬಲ್ ಬೇಸ್ ಹಿಡಿದು ನಿಂತವನಿಗೆ ಮಾತ್ರ ಗೊತ್ತಾಗುತ್ತದೆ. ಅವನ ಸ್ವರಕ್ಕೆ ಒಂದು ತಳ ಸಿಗುತ್ತದೆ. ಆರ್ಕೆಸ್ಟ್ರಾದಲ್ಲಿ ಮೈದಾನ ನಡುಗಿಸಿದ ಕಾಲಿಗೆ ಈ ಮೆಲ್ಲಗಿನ ಏಟು ಕಲಿಸುವುದಕ್ಕೆ ಎಲ್ಲಕ್ಕಿಂತ ಜಾಸ್ತಿ ಸಮಯ ಹಿಡಿಯಿತು.

ಇನ್ನೊಂದು ಪಾಠ ಹಾಡಿಕೊಳ್ಳುವುದು. ಬಾರಿಸುತ್ತಾ ಆ ಹಾಡಿನ ಮಟ್ಟನ್ನು ಬಾಯಲ್ಲಿ ಗುನುಗಬೇಕು ಅಂತ ಅಂಕಲ್ ಕಡ್ಡಾಯ ಮಾಡಿದ್ದರು. ಜಾಝ್ ಹಾಡುಗಳಲ್ಲಿ ತುಂಬ ಹಾಡು 32 ಬಾರ್‌ಗಳವು. ಬಾರ್ ಅಂದರೆ ಸಾಮಾನ್ಯವಾಗಿ ನಾಲ್ಕು ಎಣಿಕೆಯ ಒಂದು ಸುತ್ತು. ಎಂಟೆಂಟರ ನಾಲ್ಕು ತುಂಡು. ಮೊದಲ ಎರಡು ಒಂದೇ ಥರ, ಮೂರನೆಯದು ಬೇರೆ, ನಾಲ್ಕನೆಯದು ಮತ್ತೆ ಮೊದಲಿನ ಥರ. ಬ್ಲೂಸ್ ಥರದ ಹಾಡಾದರೆ 12 ಬಾರ್. ಸೋಲೋ ಬಾರಿಸುವವನು ಎಲ್ಲೆಲ್ಲೋ ಸುತ್ತಿದರೂ ಈ ಚೌಕಟ್ಟು ತಿರುಗುತ್ತಲೇ ಇರುತ್ತದೆ. ಡ್ರಮ್ಮರ್ ಅದನ್ನು ಬಿಟ್ಟರೆ ಎಲ್ಲರೂ ಕಳೆದುಹೋಗುತ್ತಾರೆ. ಪಲ್ಲವಿ, ಚರಣ ಲೆಕ್ಕ ಇಟ್ಟ ನನಗೆ ಇದು ಬೇಗ ಒಗ್ಗಿತು. ರಸಮಂಜರಿಯ ಸಾಲ ಇಲ್ಲೂ ಇದೆ.

ಬ್ರಶ್ ವಿಷಯಕ್ಕೆ ಬಂದರೆ ನನಗೆ ಮಾತು ನಿಲ್ಲುವುದಿಲ್ಲ. ತಂತಿಯ ಬ್ರಶ್‌ಗೆ ಒರಟು ಮೇಲ್ಮೈಯ ಕೋಟೆಡ್ ಸ್ಕಿನ್ (ಡ್ರಮ್ ಬಾಯಿಗೆ ಬಿಗಿಯುವ ಹೊದಿಕೆ) ಬೇಕು. ನುಣುಪಾದ ಪಾರದರ್ಶಕ ಸ್ಕಿನ್ ಮೇಲೆ ಸದ್ದೇ ಬರುವುದಿಲ್ಲ. ಎಡಗೈ ಸ್ನೇರ್ ಮೇಲೆ ವೃತ್ತ ಎಳೆಯುತ್ತಾ ಇರುತ್ತದೆ. ಆ ಎಳೆತದಲ್ಲಿ ಎರಡು, ನಾಲ್ಕರ ಹತ್ತಿರ ಒಂಚೂರು ಒತ್ತು. ಬಲಗೈ ಅದರ ಮೇಲೆ ಟಿಂ-ಟ ತಟ್ಟುತ್ತದೆ. ಸ್ಟಿಕ್‌ನಲ್ಲಿ ಏಟು ಮುಗಿದರೆ ಸದ್ದು ಮುಗಿಯಿತು. ಬ್ರಶ್‌ನಲ್ಲಿ ಹಾಡುವವರ ಹಾಗೆ ಸದ್ದನ್ನು ಎಳೆಯಬಹುದು. ಭಾವಗೀತೆಯ ರೆಕಾರ್ಡಿಂಗ್‌ಗೆ ಇದನ್ನು ಮೊದಲ ಸಲ ತೆಗೆದುಕೊಂಡು ಹೋದಾಗ ತಬಲಾದವರು ಬಂದು ಕೈಯಲ್ಲಿ ಹಿಡಿದು ನೋಡಿದರು. ಅವರ ತಬಲಾಕ್ಕೆ ಇದು ಅಡ್ಡ ಬರಲೇ ಇಲ್ಲ. ಗಾಯಕಿಯ ಉಸಿರು ಸಹ ಕೇಳುತ್ತಿತ್ತು. ಆ ಸಂಗೀತ ನಿರ್ದೇಶಕರು ಆಮೇಲೆ ಎಷ್ಟೋ ವರ್ಷ ನನ್ನನ್ನೇ ಕರೆದರು. ಜಾಝ್ ಕಲಿತದ್ದು ಅನ್ನ ಹಾಕಿದ್ದು ಹೀಗೆ.

ಜಾಝ್‌ನಿಂದ ಸ್ಟುಡಿಯೋಗೆ ಹೋಗುವ ದಾರಿ ನಾನು ಮಾಡಿದ್ದಲ್ಲ. ಹಳೆಯ ದಾರಿ ಅದು. ಅದರಲ್ಲಿ ನಾನು ಎಲ್ಲರಿಗಿಂತ ಗೌರವದಿಂದ ನೆನೆಯುವುದು ಅಮೆರಿಕದ ಡ್ರಮ್ಮರ್ ಅರ್ಲ್ ಪಾಮರ್ ಅವರನ್ನು. 1924ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದವರು. ಚಿಕ್ಕ ಹುಡುಗನಾಗಿದ್ದಾಗಲೇ ಟ್ಯಾಪ್ ಡ್ಯಾನ್ಸರ್. ಎರಡನೇ ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದರು. ವಾಪಸ್ ಬಂದಮೇಲೆ ಸಂಗೀತ ಶಾಲೆಗೆ ಸೇರಿ ನೋಟೇಶನ್ ಓದುವುದು ಕಲಿತರು. ಮನಸ್ಸೆಲ್ಲ ಜಾಝ್ ಮೇಲೆ. ಆದರೆ ಕೆಲಸ ಸಿಕ್ಕಿದ್ದು ಡೇವ್ ಬಾರ್ತಾಲೊಮ್ಯೂ ಅವರ ಬ್ಯಾಂಡಿನಲ್ಲಿ, ಕಾಸಿಮೊ ಮಟಾಸಾ ಅವರ ಪುಟ್ಟ ಸ್ಟುಡಿಯೋದಲ್ಲಿ. 1949ರ ಡಿಸೆಂಬರ್‌ನಲ್ಲಿ ಗಾಯಕ ಫ್ಯಾಟ್ಸ್ ಡೊಮಿನೊ ಅವರ 'ದಿ ಫ್ಯಾಟ್ ಮ್ಯಾನ್' ಹಾಡಿಗೆ ಶುರುವಿನಿಂದ ಕೊನೆಯವರೆಗೂ ಎರಡು, ನಾಲ್ಕರ ಮೇಲೆ ಗಟ್ಟಿ ಸ್ನೇರ್ ಬಾರಿಸಿದರು. ನ್ಯೂ ಆರ್ಲಿಯನ್ಸ್ ಜಾಝ್‌ನಲ್ಲಿ ಆ ಏಟು ಹಾಡಿನ ಕೊನೆಯ ಸುತ್ತಿಗೆ ಮೀಸಲು. ಅವರು ಅದನ್ನು ಇಡೀ ಹಾಡಿಗೆ ಹಬ್ಬಿಸಿದರು.

ಆಮೇಲೆ 1955ರಲ್ಲಿ ಪಿಯಾನೋ ಬಾರಿಸುತ್ತಾ ಹಾಡುವ ಲಿಟಲ್ ರಿಚರ್ಡ್ ಬಂದರು. ರಿಚರ್ಡ್ ಅವರ ಬಲಗೈ ಪಿಯಾನೋ ಮೇಲೆ ಬಾರಿಗೆ ಎಂಟು ಸಮ ಏಟಿನಲ್ಲಿ ಓಡುತ್ತಿತ್ತು. ಆ ಕಾಲದ ಡ್ರಮ್ಮರ್‌ಗಳು ಬಾರಿಸುತ್ತಿದ್ದದ್ದು ಷಫಲ್, ಅಂದರೆ ಉದ್ದ-ಗಿಡ್ಡ. ಪಾಮರ್ ಆ ಪಿಯಾನೋ ಕೈಯ ಜೊತೆ ಹೋಗುವುದಕ್ಕೆ ತಮ್ಮ ಕೈಯನ್ನೂ ಸಮ ಮಾಡಿಕೊಂಡರು. ಇವತ್ತು ಜಗತ್ತೆಲ್ಲ ರಾಕ್ ಬೀಟ್ ಅನ್ನೋದು ಹೀಗೆ ಗಟ್ಟಿಯಾಯಿತು. ಪಕ್ಕದವನ ಕೈ ಕೇಳಿಸಿಕೊಂಡದ್ದರಿಂದ ಆದ ಕೆಲಸ ಅದು. 1957ರಲ್ಲಿ ಅವರು ಲಾಸ್ ಏಂಜಲೀಸ್‌ಗೆ ಹೋಗಿ ಪೂರ್ತಿ ಸ್ಟುಡಿಯೋ ಡ್ರಮ್ಮರ್ ಆದರು. ಸಿನಿಮಾ, ಟಿವಿ, ಜಾಹೀರಾತು, ಪಾಪ್ ಹಾಡು, ಎಲ್ಲಕ್ಕೂ ಬಾರಿಸಿದರು. ಅಲ್ಲಿ ಅವರನ್ನು ಕಾಪಾಡಿದ್ದು ನೋಟೇಶನ್ ಓದಲು ಬರುತ್ತಿದ್ದದ್ದು. ಕೈ ಚೆನ್ನಾಗಿದ್ದ ಎಷ್ಟೋ ಜನ ಹಾಳೆ ಓದಲು ಬಾರದೆ ಆ ಬಾಗಿಲ ಹೊರಗೇ ಉಳಿದರು.

ನಮ್ಮ ದೇಶದಲ್ಲೂ ಇದೇ ನಡೆಯಿತು. ಮುಂಬೈ ಹೋಟೆಲ್‌ಗಳಲ್ಲಿ ರಾತ್ರಿ ಜಾಝ್ ಬಾರಿಸುತ್ತಿದ್ದ ಗೋವಾದ ಕಲಾವಿದರೇ ಹಗಲು ಹಿಂದಿ ಸಿನಿಮಾ ಹಾಡುಗಳಿಗೆ ಬಾರಿಸಿದರು. ಟ್ರಂಪೆಟ್‌ನ ಚಿಕ್ ಚಾಕೊಲೇಟ್ 1951ರ 'ಅಲ್ಬೇಲಾ'ದ ಹೊತ್ತಿಗೆ ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಅವರ ಜೊತೆಗಿದ್ದರು. ತಾಳವಾದ್ಯಗಳಲ್ಲಿ ಪಾರ್ಸಿ ಮನೆತನದ ಕಾವಸ್ ಲಾರ್ಡ್, ಅವರ ಮಕ್ಕಳು ಕೆರ್ಸಿ ಮತ್ತು ಬರ್ಜೋರ್. 1968ರಲ್ಲಿ ಶಂಕರ್ ಜೈಕಿಶನ್ ರಾಗಗಳನ್ನು ಜಾಝ್ ಧಾಟಿಯಲ್ಲಿ ಮಾಡಿದ ರೆಕಾರ್ಡ್‌ನಲ್ಲಿ ಡ್ರಮ್ಸ್ ಲೆಸ್ಲಿ ಗೊಡಿನೊ ಅವರದ್ದು. ಆ ರೆಕಾರ್ಡ್ ಸಿಕ್ಕರೆ ಬ್ರಶ್, ಸ್ಟಿಕ್ ಎರಡನ್ನೂ ಗಮನ ಕೊಟ್ಟು ಕೇಳಿ. ಸಿತಾರ್ ಮುಂದೆ ಕಿಟ್ ಎಷ್ಟು ಹಿತವಾಗಿ ಕೂತಿದೆ ಅಂತ ಗೊತ್ತಾಗುತ್ತದೆ. ಇಂಥವರ ಹೆಸರು ಎಷ್ಟೋ ಸಲ ರೆಕಾರ್ಡಿನ ಹೊದಿಕೆ ಮೇಲೆ ಬರಲೇ ಇಲ್ಲ ಅನ್ನೋದು ನನಗೆ ಇವತ್ತಿಗೂ ಸಂಕಟ.

ಕನ್ನಡ ಹಾಡುಗಳ ರೆಕಾರ್ಡಿಂಗ್ ಬಹಳ ಕಾಲ ಮದ್ರಾಸಿನಲ್ಲೇ ನಡೆಯುತ್ತಿತ್ತು. ಶಂಕರ್ ನಾಗ್, ಅನಂತ್ ನಾಗ್ ಸೋದರರು ಸಂಕೇತ್ ಸ್ಟುಡಿಯೋ ಕಟ್ಟಿದಂಥ ಪ್ರಯತ್ನಗಳಿಂದ ಬೆಂಗಳೂರಿನಲ್ಲೇ ಕೆಲಸ ಶುರುವಾಯಿತು. ನಾನು ಬಂದ ಹೊತ್ತಿಗೆ ಸಿನಿಮಾ, ಭಕ್ತಿಗೀತೆ, ಭಾವಗೀತೆ, ಜಾನಪದ ಕ್ಯಾಸೆಟ್, ಜಿಂಗಲ್, ಎಲ್ಲ ಸೇರಿ ಇಲ್ಲೇ ಸಾಕಷ್ಟು ಕೆಲಸ ಇತ್ತು. ಕಾಲ್‌ಶೀಟ್ ಲೆಕ್ಕದಲ್ಲಿ ಹೋಗುತ್ತಿದ್ದೆವು.

ಸ್ಟುಡಿಯೋದಲ್ಲಿ ಕಿಟ್‌ಗೆ ಮೈಕ್ ಇಡುವುದನ್ನು ನೋಡಿದರೆ ಡ್ರಮ್ಮರ್ ಕೆಲಸ ಏನು ಅಂತ ಅರ್ಥ ಆಗುತ್ತದೆ. ಕಿಕ್ ಒಳಗೊಂದು, ಸ್ನೇರ್ ಅಂಚಿಗೊಂದು, ಟಾಮ್‌ಗಳಿಗೆ, ಅಂದರೆ ಉಳಿದ ಡ್ರಮ್‌ಗಳಿಗೆ, ಒಂದೊಂದು, ತಲೆ ಮೇಲೆ ಎರಡು. ದೊಡ್ಡ ಕೋಣೆ ಆದರೆ ದೂರದಲ್ಲಿ ಇನ್ನೊಂದೆರಡು. ಬೇರೆ ಬೇರೆ ಮೈಕ್ ಇದೆ, ಆಮೇಲೆ ಬ್ಯಾಲೆನ್ಸ್ ಮಾಡಬಹುದು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ತಲೆ ಮೇಲಿನ ಮೈಕ್‌ಗಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತವೆ. ಹೈಹ್ಯಾಟ್ ಜೋರಾದರೆ ಸ್ನೇರ್ ಮೈಕ್‌ಗೂ ನುಗ್ಗುತ್ತದೆ. ಸ್ನೇರ್ ಏರಿಸಿದರೆ ಹೈಹ್ಯಾಟೂ ಏರುತ್ತದೆ. ಆಮೇಲೆ ಇಂಜಿನಿಯರ್ ಕಂಪ್ರೆಸರ್ ಹಾಕುತ್ತಾರೆ. ಅದು ಜೋರಿನದ್ದನ್ನು ಅದುಮಿ ಮೆಲ್ಲಗಿನದ್ದನ್ನು ಮೇಲೆ ತರುತ್ತದೆ. ಸಿಂಬಲ್ ಸದ್ದಿನ ಬಾಲ ಎಲ್ಲ ಕಡೆ ಹರಡಿಕೊಂಡು ಹಾಡುವವರ ಧ್ವನಿಗೆ ಅಡ್ಡ ನಿಲ್ಲುತ್ತದೆ. ಹಾಗಾಗಿ ಅರ್ಧ ಮಿಕ್ಸಿಂಗ್ ಡ್ರಮ್ಮರ್ ಕೈಯಲ್ಲೇ ಮುಗಿದಿರಬೇಕು. ಸಿಂಬಲ್ ಮೆಲ್ಲಗೆ, ಸ್ನೇರ್ ಪ್ರತಿ ಸಲವೂ ಅದೇ ಜಾಗಕ್ಕೆ, ಅದೇ ತೂಕದಲ್ಲಿ. ನನಗೆ ಇದು ಕೈಗೆ ಬಂದದ್ದು ಮೈಕ್ ಇಲ್ಲದ ಜಾಝ್ ರಾತ್ರಿಗಳಲ್ಲಿ. ಡಬಲ್ ಬೇಸ್, ಪಿಯಾನೋ ಮುಚ್ಚಿಹೋಗದ ಹಾಗೆ ಬಾರಿಸಿ ಬಾರಿಸಿ ಕಿವಿಯೇ ಕೈಯನ್ನು ತಿದ್ದುತ್ತಿತ್ತು. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ ಆಲ್ಬಮ್ 'ಕೈಂಡ್ ಆಫ್ ಬ್ಲೂ' ಕೇಳಿ. ನ್ಯೂಯಾರ್ಕಿನಲ್ಲಿ ಹಿಂದೆ ಚರ್ಚ್ ಆಗಿದ್ದ ಕೊಲಂಬಿಯಾ ಸ್ಟುಡಿಯೋದ ಎತ್ತರದ ಕೋಣೆಯಲ್ಲಿ ಜಿಮ್ಮಿ ಕಾಬ್ ಬಾರಿಸಿದ್ದು. ಮೊದಲ ಹಾಡಿನಲ್ಲಿ ಟ್ರಂಪೆಟ್ ಸೋಲೋ ಶುರುವಾಗುವಾಗ ಒಂದು ಸಿಂಬಲ್ ಏಟು ಬಿದ್ದು ಗಾಳಿಯಲ್ಲಿ ಕರಗುತ್ತದೆ. ಆ ಒಂದು ಏಟಿನ ತೂಕಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಟ್ಯೂನಿಂಗ್ ಬಗ್ಗೆ ಯಾರೂ ಕೇಳುವುದಿಲ್ಲ. ಕೇಳಬೇಕು. ಸೆಶನ್‌ಗೆ ಹೊತ್ತಿಗೆ ಮುಂಚೆ ಹೋಗಿ ನಾನು ಮೊದಲು ಮಾಡುವುದು ಅದೇ. ಸ್ಕಿನ್ ಬಿಗಿಯುವ ಒಂದು ತಿರುಪು ತಿರುಗಿಸಿದರೆ ಮುಂದಿನದ್ದು ಅದರ ಎದುರಿನದ್ದು, ಪಕ್ಕದ್ದಲ್ಲ. ಮೇಲಿನ ಸ್ಕಿನ್‌ಗಿಂತ ಕೆಳಗಿನದ್ದು ಒಂಚೂರು ಬಿಗಿ ಇದ್ದರೆ ಟಾಮ್ ಸದ್ದು ಚೊಕ್ಕವಾಗಿ ಮುಗಿಯುತ್ತದೆ. ಕೆಲವು ಸಲ ಟಾಮ್ ಬಾರಿಸಿದರೆ ಸ್ನೇರ್ ಕೆಳಗಿನ ತಂತಿ ತಾನೇ ತಾನಾಗಿ ಗುಂಯ್ ಅನ್ನುತ್ತದೆ. ಎರಡರ ಶ್ರುತಿ ಹತ್ತಿರ ಬಂದಿದೆ ಅಂತ ಅರ್ಥ. ಟಾಮ್ ಶ್ರುತಿ ಸ್ವಲ್ಪ ಜರುಗಿಸಿದರೆ ಹೋಗುತ್ತದೆ. 1957ರ ಹೊತ್ತಿಗೆ ರೆಮೋ ಬೆಲ್ಲಿ ಅವರಂಥವರು ಪ್ಲಾಸ್ಟಿಕ್ ಸ್ಕಿನ್ ಮಾರುಕಟ್ಟೆಗೆ ತಂದಮೇಲೆ ಹವೆಯ ಕಾಟ ಕಡಿಮೆಯಾಗಿದೆ. ಅದಕ್ಕೂ ಮೊದಲು ಕರುವಿನ ಚರ್ಮ, ಮಳೆಗಾಲದಲ್ಲಿ ಜೋತುಬೀಳುತ್ತಿತ್ತು. ಮೃದಂಗದವರಿಗೆ ಈ ಕಷ್ಟ ಈಗಲೂ ಇದೆ. ಹಾಡು ಮೆಲ್ಲಗಿನದ್ದಾದರೆ ಸ್ನೇರ್ ಮೇಲೆ ಒಂದು ತುಂಡು ಟೇಪ್ ಅಥವಾ ಜೆಲ್ ಅಂಟಿಸುತ್ತೇನೆ. ಸ್ವರ ಸತ್ತುಹೋಗುವಷ್ಟು ಬೇಡ. ಕೋಣೆಯಲ್ಲಿ ಕೂತು ಕೇಳಿದರೆ ಒಣಗಿದೆ ಅನ್ನಿಸುವ ಸದ್ದು ಹಾಡಿನ ನಡುವೆ ಸರಿಯಾಗಿ ಇರಬಹುದು, ಆದ್ದರಿಂದ ಒಂದು ಟೇಕ್ ಮಾಡಿ ಕಂಟ್ರೋಲ್ ರೂಮಿನಲ್ಲಿ ಕೇಳಿಯೇ ತೀರ್ಮಾನ ಮಾಡುತ್ತೇನೆ.

ಕ್ಲಿಕ್ ಅಂದರೆ ಕೆಲವರಿಗೆ ಭಯ. ಹೆಡ್‌ಫೋನ್‌ನಲ್ಲಿ ಟಿಕ್ ಟಿಕ್ ಅಂತ ಬರುವ ಆ ಸದ್ದಿಗೆ ಸರಿಯಾಗಿ ಬಾರಿಸಿದರೆ ಅದು ನಮ್ಮ ಏಟಿನ ಕೆಳಗೆ ಮುಚ್ಚಿಹೋಗುತ್ತದೆ. ಕ್ಲಿಕ್ ಕೇಳಿಸುತ್ತಿಲ್ಲ ಅಂದರೆ ಸರಿಯಾಗಿದ್ದೀರಿ ಅಂತ ಅರ್ಥ. ಅಭ್ಯಾಸಕ್ಕೆ ನಾನು ಮಾಡಿದ್ದು ಹೀಗೆ. ಮೊದಲು ನಾಲ್ಕು ಎಣಿಕೆಗೂ ಕ್ಲಿಕ್. ಆಮೇಲೆ ಎರಡು, ನಾಲ್ಕಕ್ಕೆ ಮಾತ್ರ. ಆಮೇಲೆ ಬಾರ್‌ಗೆ ಒಂದೇ. ಕೊನೆಗೆ ಎರಡು ಬಾರ್‌ಗೆ ಒಂದು. ನಡುವಣ ಖಾಲಿ ಜಾಗವನ್ನು ನಾವೇ ಹೊತ್ತುಕೊಂಡು ಹೋಗಬೇಕು. ಇದು ಗಟ್ಟಿಯಾದಮೇಲೆ ಕ್ಲಿಕ್‌ನ ಒಂದು ಕೂದಲೆಳೆ ಹಿಂದೆ, ಒಂದು ಕೂದಲೆಳೆ ಮುಂದೆ ಬೇಕೆಂದೇ ಕೂರಬಹುದು. ಚರಣದಲ್ಲಿ ಸ್ನೇರ್ ಸ್ವಲ್ಪ ಹಿಂದೆ ಬಿದ್ದರೆ ಹಾಡಿಗೆ ನೆಮ್ಮದಿ ಬರುತ್ತದೆ. ಪಲ್ಲವಿಗೆ ಬಂದಾಗ ಸರಿಯಾಗಿ ಕ್ಲಿಕ್ ಮೇಲೆಯೇ ತಂದರೆ ಹಾಡು ಎದ್ದು ನಿಲ್ಲುತ್ತದೆ. ವೇಗ ಒಂದೇ, ಆದರೆ ಕೇಳುವವರಿಗೆ ಏನೋ ಆಯಿತು ಅನ್ನಿಸುತ್ತದೆ.

ಹಾಡಿಗೆ ವಾದ್ಯ ಹೊಂದಿಸುವ ಅರೇಂಜರ್ ಕೊಡುವ ಚಾರ್ಟ್ (ನೋಟೇಶನ್ ಹಾಳೆ) ಜೊತೆಗೆ ನಾನು ಯಾವಾಗಲೂ ಸಾಹಿತ್ಯದ ಹಾಳೆ ಕೇಳಿ ತೆಗೆದುಕೊಳ್ಳುತ್ತೇನೆ. ಇದು ಯಾರೂ ಹೇಳಿಕೊಟ್ಟದ್ದಲ್ಲ, ನಾನೇ ರೂಢಿ ಮಾಡಿಕೊಂಡದ್ದು. ಸಾಲು ಎಲ್ಲಿ ಮುಗಿಯುತ್ತದೆ, ಯಾವ ಮಾತಿನ ಮೇಲೆ ಹಾಡುವವರು ನಿಲ್ಲುತ್ತಾರೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತೇನೆ. ಫಿಲ್, ಅಂದರೆ ಸಾಲುಗಳ ನಡುವಣ ಜಾಗ ತುಂಬುವ ಏಟುಗಳು, ಬರಬೇಕಾದದ್ದು ಆ ಗುರುತುಗಳಲ್ಲಿ. ಮಾತಿನ ಮೇಲೆ ಟಾಮ್ ಬಿದ್ದರೆ ಕವಿ ಬರೆದದ್ದು ಯಾರಿಗೂ ಕೇಳುವುದಿಲ್ಲ. ಒಬ್ಬ ಹಿರಿಯ ಗಾಯಕರು ಒಮ್ಮೆ ನನ್ನ ಸ್ಟ್ಯಾಂಡ್ ಮೇಲೆ ಆ ಹಾಳೆ ನೋಡಿ, "ನೀವೂ ಹಾಡ್ತೀರಾ ಸರ್?" ಅಂದರು. "ಇಲ್ಲ ಸರ್, ನೀವು ಎಲ್ಲಿ ಉಸಿರು ತಗೋತೀರಿ ಅಂತ ನೋಡ್ಕೊಳ್ತಿದ್ದೆ" ಅಂದೆ. ಅವತ್ತಿನಿಂದ ಅವರು ರೆಕಾರ್ಡಿಂಗ್‌ಗೆ ಮುಂಚೆ ಒಂದು ಸಲ ನನ್ನ ಮುಂದೆ ಹಾಡಿ ತೋರಿಸುತ್ತಿದ್ದರು.

ಯಂತ್ರಗಳ ಮಾತು ಬಾರದೆ ಇರಲು ಸಾಧ್ಯವಿಲ್ಲ. 1980ರಲ್ಲಿ ರೋಜರ್ ಲಿನ್ ಅಸಲಿ ಡ್ರಮ್ಸ್ ಸದ್ದನ್ನೇ ತುಂಬಿದ ಎಲ್‌ಎಂ-1 ಅನ್ನೋ ಯಂತ್ರ ತಂದರು. ಕೆಲವೇ ವರ್ಷಗಳಲ್ಲಿ ಅಮೆರಿಕದ ಸ್ಟುಡಿಯೋ ಡ್ರಮ್ಮರ್‌ಗಳ ಕೆಲಸಕ್ಕೆ ಪೆಟ್ಟು ಬಿತ್ತು. ನಮ್ಮಲ್ಲೂ ಆ ಗಾಳಿ ಬಂತು. ರಿದಮ್ ಪ್ರೋಗ್ರಾಮರ್ ಒಬ್ಬರಿದ್ದರೆ ಸಾಕು ಅನ್ನುವ ಕಾಲ ಬಂದಾಗ ನನ್ನ ಎಷ್ಟೋ ಗೆಳೆಯರು ಕಿಟ್ ಮಾರಿದರು. ನಾನು ಪ್ರೋಗ್ರಾಮಿಂಗ್ ಕಲಿತೆ. ಯಂತ್ರ ಸಮ ತೂಕದ ಏಟುಗಳನ್ನು ನಮಗಿಂತ ಚೆನ್ನಾಗಿ ಬಾರಿಸುತ್ತದೆ, ಒಪ್ಪಿಕೊಳ್ಳಬೇಕು. ಅದಕ್ಕೆ ಕಷ್ಟವಾಗುವುದು ಸ್ನೇರ್ ಮೇಲಿನ ಪಿಸುಮಾತಿನಂಥ ಏಟುಗಳು, ಘೋಸ್ಟ್ ನೋಟ್‌ಗಳು. ಅಮೆರಿಕದ ಡ್ರಮ್ಮರ್ ಬರ್ನಾರ್ಡ್ ಪರ್ಡಿ ಅವರ ಷಫಲ್‌ನಲ್ಲಿ ದೊಡ್ಡ ಏಟುಗಳ ನಡುವೆ ಓಡಾಡುವ ಸಣ್ಣ ಏಟುಗಳನ್ನು ಕೇಳಿದರೆ ನಾನು ಹೇಳುವುದು ತಿಳಿಯುತ್ತದೆ. ಬ್ರಶ್ ಎಳೆತವೂ ಯಂತ್ರಕ್ಕೆ ಕಷ್ಟ. ಯಂತ್ರ ಬಂದಮೇಲೂ ನನಗೆ ಕರೆ ಬಂದದ್ದು ಈ ಎರಡಕ್ಕಾಗಿಯೇ. ಎರಡೂ ಜಾಝ್‌ನಿಂದ ಬಂದ ಕೈ.

ಈಗ ಹೆಚ್ಚಿನ ಕೆಲಸ ಮನೆಯಿಂದಲೇ. ಒಂದು ಕೋಣೆಗೆ ಗೋಡೆ ತುಂಬ ಸದ್ದು ಹೀರುವ ಪ್ಯಾನೆಲ್ ಹಾಕಿಸಿ, ಮೈಕ್ ಸದ್ದನ್ನು ಕಂಪ್ಯೂಟರಿಗೆ ಒಯ್ಯುವ, ಎಂಟು ಮೈಕ್‌ಗೆ ಜಾಗ ಇರುವ ಇಂಟರ್‌ಫೇಸ್ ಇಟ್ಟುಕೊಂಡಿದ್ದೇನೆ. ಸಂಗೀತ ನಿರ್ದೇಶಕರು ಟ್ರ್ಯಾಕ್ ಕಳಿಸುತ್ತಾರೆ. ನಾನು ಬಾರಿಸಿ ಪ್ರತಿ ಮೈಕ್ ಬೇರೆ ಬೇರೆ ಫೈಲ್ ಮಾಡಿ, 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ವಾಪಸ್ ಕಳಿಸುತ್ತೇನೆ. ಎಲ್ಲ ಫೈಲ್‌ಗಳೂ ಹಾಡಿನ ಮೊದಲ ಕ್ಷಣದಿಂದಲೇ ಶುರುವಾಗಬೇಕು, ಇಲ್ಲದಿದ್ದರೆ ಆ ಕಡೆ ಜೋಡಿಸುವವರಿಗೆ ತಲೆನೋವು. ಅನುಕೂಲ ಜಾಸ್ತಿ. ಆದರೆ ಎದುರಿಗೆ ಬೇಸ್ ಗಿಟಾರಿನವನು ಇಲ್ಲ, ಹಾಡುವವರ ಮುಖ ಇಲ್ಲ. ಅದಕ್ಕೇ ಜಾಝ್ ರಾತ್ರಿಗಳನ್ನು ಬಿಟ್ಟಿಲ್ಲ. ಇಂದಿರಾನಗರ, ವೈಟ್‌ಫೀಲ್ಡ್ ಕಡೆ ಜಾಝ್ ಕೇಳುವ ಜಾಗಗಳಿವೆ. ಹೊಸ ಹುಡುಗ ಹುಡುಗಿಯರು ನಮಗಿಂತ ಚೆನ್ನಾಗಿ ಓದಿಕೊಂಡು ಬರುತ್ತಾರೆ. ಅವರ ಜೊತೆ ಕೂತರೆ ನನ್ನ ಕೈ ಹೊಸದಾಗುತ್ತದೆ.

ಕರ್ನಾಟಕ ಸಂಗೀತದ ಲಯ ಜಾಝ್‌ಗೆ ಸಹಾಯ ಆಗುತ್ತಾ ಅಂತ ಕೇಳುವವರಿದ್ದಾರೆ. ಸ್ವಿಂಗ್‌ಗೆ ನೇರವಾಗಿ ಇಲ್ಲ, ಮೇಲೆ ಹೇಳಿದೆನಲ್ಲ. ಸೋಲೋಗೆ ಖಂಡಿತ ಆಗುತ್ತದೆ. ಜತಿಗಳನ್ನು ಬಾಯಲ್ಲೇ ಹೇಳುವ ಕೊನ್ನಕ್ಕೋಲ್ ಕಲಿತವನಿಗೆ ಐದರ, ಏಳರ ಜತಿಗಳನ್ನು ನಾಲ್ಕರ ಮೇಲೆ ಹಾಕಿ ಸರಿಯಾಗಿ ಒಂದಕ್ಕೆ ಬಂದು ಇಳಿಯುವುದು ಬಾಯಲ್ಲೇ ಇರುತ್ತದೆ. ಮೂರು ಸಲ ಹೇಳಿ ಮುಗಿಸುವ ಮುಕ್ತಾಯವನ್ನು ನಾಲ್ಕು ಬಾರ್ ಸೋಲೋದಲ್ಲಿ ಇಟ್ಟು ನೋಡಿ, ಸ್ಯಾಕ್ಸೋಫೋನಿನವನು ನಗುತ್ತಾ ಒಳಗೆ ಬರುತ್ತಾನೆ. ಈ ಎರಡು ಲೋಕಗಳನ್ನು ನಮ್ಮ ಬೆಂಗಳೂರಿನವರೇ ಬಹಳ ಹಿಂದೆ ಸೇರಿಸಿದ್ದರು. ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಹಾಡುಗಾರಿಕೆಯಲ್ಲಿ ಆರ್.ಎ. ರಮಾಮಣಿ, ಜೊತೆಗೆ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ. 1983ರಲ್ಲಿ ಇಸಿಎಂ ಅನ್ನೋ ರೆಕಾರ್ಡ್ ಕಂಪನಿಯಿಂದ ಇವರ 'ಜ್ಯೋತಿ' ಆಲ್ಬಮ್ ಬಂತು. ಮರಿಯಾನೊ ನಾದಸ್ವರವನ್ನೂ ಕಲಿತವರು. ಒಬ್ಬರ ಸಂಗೀತಕ್ಕೆ ಇನ್ನೊಬ್ಬರು ಎಷ್ಟು ಜಾಗ ಬಿಟ್ಟಿದ್ದಾರೆ ಅಂತ ಕೇಳುವುದಕ್ಕಾದರೂ ಅದನ್ನು ಹುಡುಕಿ.

ಕಿವಿಯ ಬಗ್ಗೆ ಒಂದು ಮಾತು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆಯಬಹುದು ಅನ್ನುವುದು ವೈದ್ಯಕೀಯ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಾಗ ಆ ಸಮಯ ಅರ್ಧ ಆಗುತ್ತದೆ. 100 ಡೆಸಿಬೆಲ್‌ಗೆ ಹದಿನೈದೇ ನಿಮಿಷ. ಸ್ನೇರ್ ಪಕ್ಕ ಕೂತವನಿಗೆ 100 ದಾಟುವುದು ಏನೂ ಕಷ್ಟ ಇಲ್ಲ. ಹತ್ತಿ ತುರುಕಿಕೊಂಡರೆ ಪ್ರಯೋಜನ ಇಲ್ಲ. ಸಂಗೀತದವರಿಗೆ ಅಂತಲೇ ಮಾಡಿದ ಇಯರ್‌ಪ್ಲಗ್ ತಗೊಳ್ಳಿ. ಸ್ಟೂಲ್ ಎತ್ತರವನ್ನೂ ನೋಡಿಕೊಳ್ಳಿ. ತೊಡೆ ನೆಲಕ್ಕೆ ಸಮ ಅಥವಾ ಮಂಡಿಯ ಕಡೆ ಸ್ವಲ್ಪ ಇಳಿಜಾರಾಗಿ ಇದ್ದರೆ ಸೊಂಟ ಉಳಿಯುತ್ತದೆ.

ದುಡ್ಡಿನ ವಿಷಯ ಸಂಕೋಚ ಬಿಟ್ಟು ಮಾತಾಡಬೇಕು. ನಮಗೆ ಸಿಗುವುದು ಬಾರಿಸಿದ ದಿನದ ಸಂಭಾವನೆ, ಅಷ್ಟೇ. ಹಾಡು ಎಷ್ಟು ಓಡಿದರೂ ಆಮೇಲೆ ಕೈಗೆ ಬರುವುದಿಲ್ಲ ಅಂತ ತಿಳಿದೇ ರೇಟ್ ಹೇಳಬೇಕು. ಎಷ್ಟು ಸಲ ತಿದ್ದಿಕೊಡುತ್ತೀರಿ, ಹಣ ಯಾವಾಗ, ಹೆಸರು ಹಾಕುತ್ತಾರಾ, ಈ ಮೂರನ್ನು ಫೋನಿನಲ್ಲಿ ಮಾತಾಡಿ ಆಮೇಲೆ ಮೆಸೇಜಿನಲ್ಲಿ ಬರೆದು ಕಳಿಸಿ. ಒಳ್ಳೆಯವರು ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ತಿಂಗಳಿಗೆ ತಿಂಗಳು ಒಂದೇ ಥರ ಇರುವುದಿಲ್ಲವಾದ್ದರಿಂದ ಪಾಠ ಹೇಳುವುದನ್ನೂ ಇಟ್ಟುಕೊಂಡಿದ್ದೇನೆ. ಅದರಿಂದ ಬರುವ ಹಣ ಸಣ್ಣದಾದರೂ ನಿಂತ ಹಣ.

ನನ್ನ ಹತ್ತಿರ ಬರುವ ಮಕ್ಕಳಿಗೆ ಕೊಡುವ ಒಂದು ಅಭ್ಯಾಸ ಹೇಳುತ್ತೇನೆ, ಮನೆಯಲ್ಲೇ ಮಾಡಬಹುದು. ಮೊಬೈಲನ್ನು ಕಿಟ್‌ನಿಂದ ಐದಾರು ಅಡಿ ದೂರ ಇಟ್ಟು ರೆಕಾರ್ಡ್ ಹಾಕಿ. ಒಂದು ಸರಳ ಬೀಟ್, ನಿಮಿಷಕ್ಕೆ 90ರ ವೇಗ. ಮೊದಲ ಎಂಟು ಬಾರ್ ಸಿಂಬಲ್ ಜೋರು, ಕಿಕ್ ಮೆಲ್ಲಗೆ. ನಿಲ್ಲಿಸದೆ ಮುಂದಿನ ಎಂಟು ಬಾರ್ ಕಿಕ್, ಸ್ನೇರ್ ಜೋರು, ಸಿಂಬಲ್ ಮೆಲ್ಲಗೆ. ಏಟುಗಳು ಬದಲಾಗಬಾರದು, ವೇಗ ಬದಲಾಗಬಾರದು, ತೂಕ ಮಾತ್ರ ಬದಲಾಗಬೇಕು. ಆಮೇಲೆ ಕೇಳಿ. ಎಂಟನೇ ಬಾರ್ ಮುಗಿದು ಒಂಬತ್ತನೆಯದು ಬರುವಾಗ ಬೇರೆ ಡ್ರಮ್ಮರ್ ಬಂದು ಕೂತ ಹಾಗೆ ಕೇಳಿಸಬೇಕು. ಕೇಳಿಸದಿದ್ದರೆ ವೇಗ 70ಕ್ಕೆ ಇಳಿಸಿ ಮತ್ತೆ ಮಾಡಿ. ಕೇಳಿಸಿದರೆ ಬ್ರಶ್ ಹಿಡಿದು ಅದನ್ನೇ ಮಾಡಿ, ಆ ರೆಕಾರ್ಡಿಂಗ್ ತೆಗೆದುಕೊಂಡು ಮುಂದಿನ ಪಾಠಕ್ಕೆ ಬನ್ನಿ ಅನ್ನುತ್ತೇನೆ.